ನಿದಿಗೆಯಲ್ಲಿ ಬಸ್ಸಿಳಿದ ಬೆಳಿಗ್ಗೆ

ಮನೆಯಲ್ಲಿ ಗೀಸರ್ ಇದೆ. ಮಗ ಹಾಕಿಸಿಕೊಟ್ಟ ಸೋಲಾರೂ ಇದೆ. ಆದರೆ ಭದ್ರಾವತಿಯಲ್ಲಿ ಆಷಾಢದ ಮಳೆ ಹಿಡಿದುಕೊಂಡಿತೆಂದರೆ ಸೋಲಾರಿಗೆ ಬಿಸಿಲಿಲ್ಲ, ಗೀಸರಿಗೆ ಕರೆಂಟಿಲ್ಲ. ಆಗ ಹಿತ್ತಲ ಬಾಗಿಲ ಪಕ್ಕದ ನನ್ನ ಹಳೇ ಬಚ್ಚಲೊಲೆಗೆ ಮರ್ಯಾದೆ ಬರುತ್ತದೆ. ಅಡಿಕೆ ಸಿಪ್ಪೆ ಒಂದು ಬುಟ್ಟಿ, ತೆಂಗಿನ ಮಟ್ಟೆ ನಾಲ್ಕು, ಮೇಲೊಂದು ಮಾವಿನ ಕೊರಡು ಇಟ್ಟುಬಿಟ್ಟರೆ ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿರುತ್ತದೆ. ನಾನೂ ಮಣೆ ಹಾಕಿಕೊಂಡು ಅಲ್ಲೇ ಕೂರುತ್ತೇನೆ. ಅರವತ್ತೇಳು ವರ್ಷದ ಮಂಡಿಗೆ ಅದಕ್ಕಿಂತ ಒಳ್ಳೆಯ ಫಿಸಿಯೋಥೆರಪಿ ಇನ್ನೊಂದಿಲ್ಲ.

ಮೊಮ್ಮಗಳು ಶಿವಮೊಗ್ಗದಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಶನಿವಾರ ರಾತ್ರಿ ನೆನೆದುಕೊಂಡು ಬಂದವಳು ತಲೆ ಒರೆಸಿಕೊಳ್ಳುತ್ತ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಸ್ವಲ್ಪ ಹೊತ್ತು ಬೆಂಕಿ ನೋಡಿದಳು. ಆಮೇಲೆ ನಗುತ್ತ ಶುರುಮಾಡಿದಳು.

"ಅಜ್ಜಿ, ನಿನ್ನೆ ಒಂದು ತಮಾಷೆ ಆಯ್ತು."

ಅವಳ ಪೋಸ್ಟಿಂಗ್ ಇದ್ದ ವಾರ್ಡಿನಲ್ಲಿ ಮೂವತ್ತು ಹಾಸಿಗೆ, ಸ್ಟಾಫ್ ಇಬ್ಬರೇ. ಮಧ್ಯಾಹ್ನ ಎರಡಕ್ಕೆ ಎಲ್ಲರ ಟೆಂಪರೇಚರ್, ನಾಡಿ, ಉಸಿರು ನೋಡಿ ಟಿಪಿಆರ್ ಚಾರ್ಟಿನಲ್ಲಿ ಬರೆಯಬೇಕು. ಕೈ ಬಿಡುವಿರಲಿಲ್ಲ. ಅಲ್ಲಿದ್ದ ಹಿರಿಯ ಸಿಸ್ಟರ್ "ಬೆಳಿಗ್ಗೇದು ನೋಡ್ಕೊಂಡು ತುಂಬಿಸಿಬಿಡು ಪುಟ್ಟಾ" ಅಂದರಂತೆ. ಇವಳು ಕೂತು ತುಂಬಿಸಿದಳು. ಒಬ್ಬರಿಗೆ 98.4, ಇನ್ನೊಬ್ಬರಿಗೆ 98.6, ನಾಡಿ ಎಪ್ಪತ್ತೆಂಟು, ಎಂಬತ್ತು, ಎಪ್ಪತ್ತಾರು. ಎಲ್ಲರಿಗೂ ಒಂದೇ ಬರೆದರೆ ಗೊತ್ತಾಗುತ್ತದೆಂದು ಅಲ್ಲಲ್ಲಿ ಹೆಚ್ಚುಕಮ್ಮಿ ಮಾಡಿದ ಜಾಣತನ ಬೇರೆ. ಸಂಜೆ ನೋಡಿದರೆ ಹನ್ನೊಂದನೇ ಹಾಸಿಗೆಯವರು ಬೆಳಿಗ್ಗೆ ಹತ್ತಕ್ಕೇ ಡಿಸ್ಚಾರ್ಜ್ ಆಗಿ ಊರು ಸೇರಿದ್ದರು.

ನನಗೂ ನಗು ಬಂತು. ಖಾಲಿ ಹಾಸಿಗೆಗೆ ನಿಮಿಷಕ್ಕೆ ಎಪ್ಪತ್ತೆಂಟು ನಾಡಿ! ಇಬ್ಬರೂ ನಕ್ಕೆವು. ಆಮೇಲೆ ಅವಳೇ ನಿಲ್ಲಿಸಿದಳು. "ಎಲ್ಲರೂ ಹಾಗೇ ಮಾಡೋದು ಅಜ್ಜಿ," ಅಂದಳು. ನಾನು ಏನೂ ಕೇಳಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂವತ್ತು ಜನಕ್ಕೆ ಇಬ್ಬರು ಅನ್ನುವುದೇ ದೊಡ್ಡ ಅನ್ಯಾಯ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಲೆಕ್ಕದಲ್ಲಿ ಬೋಧಕ ಆಸ್ಪತ್ರೆಯಲ್ಲಿ ಮೂರು ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಇರಬೇಕು. ನನ್ನ ಸರ್ವೀಸಿನಲ್ಲಿ ಆ ಲೆಕ್ಕವನ್ನು ಕಾಗದದ ಮೇಲೆ ಬಿಟ್ಟು ಬೇರೆ ಎಲ್ಲೂ ನೋಡಲಿಲ್ಲ. ಮೇ 12ಕ್ಕೆ ದಾದಿಯರ ದಿನವೆಂದು ಗುಲಾಬಿ ಹೂ ಕೊಟ್ಟು ನಮ್ಮನ್ನು ದೇವತೆ ಅನ್ನುವವರು, ಒಂದು ರಾತ್ರಿ ಬಂದು ಹಾಸಿಗೆ ಎಣಿಸಿ ಹೋಗಲಿ.

ಆದರೂ ಹುಡುಗಿಗೆ ಅವತ್ತು ಈ ಭಾಷಣ ಮಾಡಲಿಲ್ಲ. ಒಲೆಗೆ ಇನ್ನೊಂದು ಮಟ್ಟೆ ತಳ್ಳಿ, "ನಾನೂ ಒಂದು ಹೇಳ್ತೀನಿ. ನಿಮ್ಮಮ್ಮಂಗೂ ಪೂರ್ತಿ ಹೇಳಿಲ್ಲ," ಅಂದೆ.

1996ರ ಮಾರ್ಚ್ 9, ಶನಿವಾರ. ಆ ತಾರೀಖು ನನಗೊಬ್ಬಳಿಗೇ ಅಲ್ಲ, ದೇಶಕ್ಕೇ ನೆನಪಿದೆ. ಬೆಂಗಳೂರಿನಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ, ಹಗಲು-ರಾತ್ರಿ ಪಂದ್ಯ. ನಮ್ಮದು ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು. ಇಲ್ಲಿಯವರಿಗೆ ಕ್ರಿಕೆಟ್ ಅಂದರೆ ನೆಂಟರ ಮನೆಯ ಮದುವೆ. ನಾನು ಆಗ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದೆ. ಹೆಸರು ಬೇಡ. ಭದ್ರಾವತಿಯಿಂದ ಸಂಜೆ ಏಳರ ಬಸ್ಸು ಹಿಡಿದರೆ ಎಂಟಕ್ಕೆ ಡ್ಯೂಟಿ, ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಒಂಬತ್ತಕ್ಕೆ ಮನೆ. ಜಿಎನ್‌ಎಂ ನರ್ಸಿಂಗ್ ಕೋರ್ಸು ಮುಗಿಸಿ ಹದಿನೇಳು ವರ್ಷವಾಗಿತ್ತು. ಕಣ್ಣು ಮುಚ್ಚಿ ಸೂಜಿ ಹಾಕಬಲ್ಲೆ ಅನ್ನುವ ಜಂಬ ಬರುವ ವಯಸ್ಸು ಅದು.

ಕೌಂಟರಿನ ಹತ್ತಿರ ಒಂದು ಟಿವಿ. ಜಡೇಜ ಕೊನೆಯ ಓವರುಗಳಲ್ಲಿ ವಕಾರ್ ಯೂನಿಸನಿಗೆ ಬಾರಿಸಿದ್ದು ನಾನು ಬಸ್ಸು ಹತ್ತುವ ಮೊದಲೇ; ವೆಂಕಟೇಶ್ ಪ್ರಸಾದ್ ಆಮೇಲೆ ಸೊಹೇಲನ ಸ್ಟಂಪು ಹಾರಿಸಿದ್ದು, ಮುಂದಿನದು ಎಲ್ಲ ನಾನು ನೋಡಿದ್ದು ಅರ್ಧರ್ಧವೇ. ಔಷಧಿಯ ಟ್ರೇ ಹಿಡಿದು ಓಡಾಡುವಾಗ ಕಿವಿಗೆ ಬಿದ್ದಷ್ಟು. ಗೆದ್ದಾಗ ರೋಗಿಗಳೂ ಎದ್ದು ಕೂತು ಚಪ್ಪಾಳೆ ಹೊಡೆದರು. "ಅದಕ್ಕೇ ನಿದ್ದೆಗೆಟ್ಟು ತಪ್ಪು ಮಾಡಿದ್ಯಾ?" ಎಂದು ಮೊಮ್ಮಗಳು ಕೇಳಿದಳು. ಇಲ್ಲ ಮಾರಾಯ್ತಿ, ಪಾಪ, ಜಡೇಜನ ಮೇಲೆ ಹಾಕಬಾರದು. ನೈಟ್ ಡ್ಯೂಟಿಯಲ್ಲಿ ನಿದ್ದೆ ಯಾವತ್ತು ಇತ್ತು?

ಆರನೇ ರೂಮಿನಲ್ಲಿ ನಮ್ಮೂರಿನವರೇ ಒಬ್ಬರು. 1923ರಲ್ಲಿ ಕಬ್ಬಿಣ ಕಾಯಿಸಲು ಶುರುಮಾಡಿದ ನಮ್ಮ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ಮೂವತ್ತು ವರ್ಷ ದುಡಿದವರು. ಸಕ್ಕರೆ ಕಾಯಿಲೆ ಹಳೆಯದು, ಪಾದಕ್ಕೆ ಸ್ಪರ್ಶ ಹೋಗಿತ್ತು. ಬೂಟಿನೊಳಗೆ ಒಂದು ಕಿಡಿ ಹೋಗಿ ಕೂತದ್ದು ಅವರಿಗೆ ತಿಳಿದದ್ದು ಮನೆಗೆ ಬಂದು ಕಾಲುಚೀಲ ತೆಗೆದಾಗ. ಗಾಯ ಹೆಬ್ಬೆರಳು ತಿಂದು ಮೇಲಕ್ಕೆ ಏರುತ್ತಿತ್ತು. ಶಿವಮೊಗ್ಗದ ಸರ್ಜನ್ ಒಬ್ಬರ ಕೈಗುಣ ಚೆನ್ನಾಗಿದೆಯೆಂದು ಮನೆಯವರು ಅಲ್ಲಿಗೇ ತಂದು ಸೇರಿಸಿದ್ದರು. ಹೆಂಡತಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಹತ್ತು ದಿನದಿಂದ ಅಲ್ಲೇ. ಬೆಳಿಗ್ಗೆ ನಾನು ಹೋದರೆ ಸೆರಗು ಸರಿಮಾಡಿಕೊಂಡು ಏಳುವರು, "ಸಿಸ್ಟರ್, ಕಾಫಿ ಕುಡೀತೀರಾ?" ಅನ್ನುವರು.

ಅವರ ಮೈದುನ ಮಸ್ಕತ್ತಿನಲ್ಲಿದ್ದ. ರಜೆಗೆ ಬಂದವನು ಅಣ್ಣನಿಗೆಂದು ಫ್ಲಾಸ್ಕಿನಲ್ಲಿ ಐಸ್ ಹಾಕಿ ಒಳ್ಳೆಯ ಇನ್ಸುಲಿನ್ ಸೀಸೆ ತಂದಿದ್ದ. ಶನಿವಾರ ಸಂಜೆ ಕೊಟ್ಟು ಹೋದ, ಯಾರೋ ಫ್ರಿಜ್ಜಿನಲ್ಲಿಟ್ಟರು. ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ತಿಂಡಿಯ ಮುಂಚಿನ ಡೋಸ್ ಕೊಡಲು ಹೋದಾಗ ಹಳೇ ಸೀಸೆ ತಳ ಕಂಡಿತ್ತು. ಹೊಸದನ್ನು ತೆಗೆದೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸೀಸೆಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ತಕ್ಕಂತೆ ಗೆರೆ ಎಳೆದ ಸಿರಿಂಜಿಗೆ ಕೆಂಪು ಮುಚ್ಚಳ. ಹೊರದೇಶದ ಸೀಸೆಯಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ಅದರ ಸಿರಿಂಜು ಬೇರೆ, ಮುಚ್ಚಳ ಕಿತ್ತಳೆ ಬಣ್ಣದ್ದು. ತೆಳು ಡಿಕಾಕ್ಷನ್ನು, ಗಟ್ಟಿ ಡಿಕಾಕ್ಷನ್ನು ಇದ್ದಂತೆ. ಅರ್ಧ ಲೋಟ ಎರಡೂ ಅರ್ಧ ಲೋಟವೇ, ಕುಡಿದವರಿಗೆ ಗೊತ್ತಾಗುತ್ತದೆ. ಚೀಟಿಯಲ್ಲಿದ್ದದ್ದು ಇಪ್ಪತ್ತು ಯೂನಿಟ್. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಗೆ ಎಳೆದೆ, ಅರ್ಧ ಎಂಎಲ್. ಆ ಸೀಸೆಯ ಅರ್ಧ ಎಂಎಲ್ ಅಂದರೆ ಐವತ್ತು ಯೂನಿಟ್.

ನಮಗೆ ಕಲಿಸುವಾಗ ಐದು 'ಸರಿ' ಹೇಳಿಕೊಡುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ಐದನ್ನೂ ಮನಸ್ಸಿನಲ್ಲಿ ಎಣಿಸಿಯೇ ಚುಚ್ಚಿದೆ. ಚೀಟಿಯಲ್ಲಿ ಇಪ್ಪತ್ತು, ಸಿರಿಂಜಿನಲ್ಲಿ ಇಪ್ಪತ್ತು. ಯಾವ ಪರೀಕ್ಷೆಯಲ್ಲಾದರೂ ಪಾಸು. ಲೇಬಲ್ಲನ್ನು ಮೂರು ಸಲ ಓದಬೇಕು ಅಂತಲೂ ಹೇಳಿಕೊಟ್ಟಿದ್ದರು. ತೆಗೆಯುವಾಗ, ಎಳೆಯುವಾಗ, ವಾಪಸ್ ಇಡುವಾಗ. ಓದಿದ್ದೆ. ಔಷಧಿಯ ಹೆಸರು ಮೂರು ಸಲ ಓದಿದ್ದೆ. ವಾಪಸ್ ಇಡುವಾಗ ಹೆಸರಿನ ಕೆಳಗಿನ ಅಂಕಿಯನ್ನೂ ಕಣ್ಣು ನೋಡಿತ್ತು. ನೋಡಿದ ಸುದ್ದಿ ತಲೆಗೆ ಮುಟ್ಟಲು ಎರಡು ಗಂಟೆ ಬೇಕಾಯಿತು.

ಮುಟ್ಟಿದ್ದು ಬಸ್ಸಿನಲ್ಲಿ. ಎಂಟಕ್ಕೆ ಹ್ಯಾಂಡ್‌ಓವರ್ ಕೊಟ್ಟು, ತುಂಗೆಯ ಸೇತುವೆ ದಾಟಿ, ವಿದ್ಯಾನಗರ ದಾಟಿ, ಮಲವಗೊಪ್ಪವೂ ಹಿಂದಾಗಿತ್ತು. ಕಿಟಕಿಗೆ ತಲೆ ಆನಿಸಿದ್ದೆ. ಮುಂದಿನ ಸೀಟಿನಲ್ಲಿ ಯಾರೋ ಟಿಕೆಟ್ಟಿಗೆ ನೂರರ ನೋಟು ಚಾಚಿದರು. ಕಂಡಕ್ಟರ್ ಸಿಡಿದ. "ಬೆಳಬೆಳಿಗ್ಗೆ ನೂರು ಕೊಟ್ರೆ ನಾನೆಲ್ಲಿಂದ ತರ್ಲಿ ಚಿಲ್ಲರೆ? ನೂರು! ಎಲ್ರೂ ನೂರೇ ಕೊಡಿ!"

ನೂರು. ಸೀಸೆಯ ಮೇಲಿನ ಅಂಕಿ ಕಣ್ಣೆದುರು ಬಂದು ನಿಂತಿತು.

ನಿದಿಗೆಯಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದೆ. ಎಂಟೂ ಮುಕ್ಕಾಲು. ಇನ್ಸುಲಿನ್ನಿನ ಕೆಲಸ ಜೋರಾಗುವುದೇ ಕೊಟ್ಟ ಎರಡು ಗಂಟೆಯ ಮೇಲೆ. ಒಂದು ಎಸ್‌ಟಿಡಿ ಬೂತು, ಅರ್ಧ ಷಟರ್ ಎಳೆದಿತ್ತು. ಬಗ್ಗಿ ಒಳಗೆ ಹೋಗಿ ನಂಬರು ತಿರುಗಿಸಿದೆ. ಎತ್ತಿದ್ದು ಕೌಂಟರಿನ ಹುಡುಗ. "ಆರನೇ ರೂಮಿನವರಿಗೆ ತಕ್ಷಣ ಸಕ್ಕರೆ ನೀರು ಕುಡಿಸ್ಬೇಕು ಅಂತ ಸಿಸ್ಟರಿಗೆ ಹೇಳು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. "ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ನೀರಾ? ಯಾರ್ರೀ ಇದು, ಮ್ಯಾಚ್ ಗೆದ್ದಿದ್ದು ಇನ್ನೂ ಇಳಿದಿಲ್ವಾ?" ಎಂದು ಇಟ್ಟುಬಿಟ್ಟ. ಮತ್ತೆ ಮಾಡಿದರೆ ಎಂಗೇಜು.

ರಸ್ತೆ ದಾಟಿ ಶಿವಮೊಗ್ಗದ ಕಡೆ ನಿಂತೆ. ಭಾನುವಾರದ ಬೆಳಿಗ್ಗೆ ಬಸ್ಸು ಎಲ್ಲಿಂದ ಬರಬೇಕು? ಹಾಲಿನ ಕ್ಯಾನ್ ತುಂಬಿದ ಟೆಂಪೋ ಒಂದು ಬಂತು, ಕೈ ಅಡ್ಡ ಹಾಕಿದೆ. ಬಿಳೀ ಸೀರೆ ನೋಡಿ ಡ್ರೈವರ್ ಏನೂ ಕೇಳದೆ ಹತ್ತಿಸಿಕೊಂಡ. ಆ ಹದಿನೈದು ನಿಮಿಷದಲ್ಲಿ ನಾನು ಯೋಚಿಸಿದ್ದನ್ನೆಲ್ಲ ಮೊಮ್ಮಗಳಿಗೆ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ: ಟೆಂಪೋ ಕೆಟ್ಟು ನಿಲ್ಲಲಿ ಅಂತಲೂ ಒಂದು ಸಲ ಅನ್ನಿಸಿತ್ತು.

ಹೋಗಿ ನೋಡಿದರೆ ಯಜಮಾನರ ಬನಿಯನ್ನು ನೀರಲ್ಲಿ ಅದ್ದಿ ತೆಗೆದಂತೆ ಒದ್ದೆ. ಕೈ ನಡುಗುತ್ತಿದೆ. ಹೆಂಡತಿಯನ್ನು "ಯಾರಮ್ಮ ನೀನು, ಪಾಳಿ ಮುಗೀತಾ?" ಎಂದು ಕೇಳುತ್ತಿದ್ದಾರೆ. ಆಕೆ ಬೀಸಣಿಗೆಯಲ್ಲಿ ಗಾಳಿ ಹಾಕುತ್ತ, "ಸೆಕೆ ಅಲ್ವಾ ಸಿಸ್ಟರ್, ಅದಕ್ಕೇ ಹಿಂಗೆ" ಅಂದರು. ಇನ್‌ಚಾರ್ಜ್ ಸಿಸ್ಟರ್ ಬಂದಿದ್ದರು. ಕೇರಳದವರು, ನಾವೆಲ್ಲ ಚೇಚಿ ಅನ್ನುತ್ತಿದ್ದೆವು. "ಚೇಚಿ, ಇನ್ಸುಲಿನ್ ಜಾಸ್ತಿ ಹೋಗಿದೆ, ಐವತ್ತು" ಅಂದೆ. ಚೇಚಿ ಒಂದು ಪ್ರಶ್ನೆ ಕೇಳಲಿಲ್ಲ. ಡಾಕ್ಟರಿಗೆ ಫೋನು ಮಾಡಿ ಅವರು "ಕೊಡಿ, ಬಂದೆ" ಅನ್ನುವಷ್ಟರಲ್ಲಿ ಇಪ್ಪತ್ತೈದು ಪರ್ಸೆಂಟ್ ಡೆಕ್ಸ್‌ಟ್ರೋಸ್ ಒಡೆದು ಸಿರಿಂಜಿಗೆ ತುಂಬಿಕೊಂಡಿದ್ದರು. ಆಂಟಿಬಯಾಟಿಕ್ಕಿಗೆಂದು ಕೈಗೆ ಹಾಕಿದ್ದ ಸೂಜಿ ಇತ್ತು, ಅದೇ ಪುಣ್ಯ. ನಾಲ್ಕನೇ ಸಿರಿಂಜು ಮುಗಿಯುವ ಹೊತ್ತಿಗೆ ಯಜಮಾನರು ಕಣ್ಣುಜ್ಜಿಕೊಂಡು ಹೆಂಡತಿಯ ಹೆಸರು ಹಿಡಿದು ಕರೆದರು. ಚೇಚಿಯಂಥ ಕೈಯನ್ನು ನಾನು ಆಮೇಲೆ ನೋಡಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಬರುವುದನ್ನು ಕೇಳಿ ಅವರನ್ನು ಕೆಟ್ಟವರು ಅಂದುಕೊಳ್ಳಬಾರದು.

ನರ್ಸಸ್ ಸ್ಟೇಷನ್ನಿಗೆ ಬಂದು ಕೂತೆವು. ಚೇಚಿ ಕೇಸ್ ಶೀಟ್ ನನ್ನ ಮುಂದೆ ತಳ್ಳಿದರು. "ಸೀಸೆ ನಾನು ಎಸೀತೀನಿ. ನೀನು ಬರಿ: ರೋಗಿ ಬೆಳಗಿನ ತಿಂಡಿ ಸರಿಯಾಗಿ ತೆಗೆದುಕೊಂಡಿಲ್ಲ, ಒಂಬತ್ತು ಗಂಟೆಗೆ ಶುಗರ್ ಇಳಿದಿದೆ, ಡೆಕ್ಸ್‌ಟ್ರೋಸ್ ಕೊಡಲಾಗಿದೆ. ಅಷ್ಟು ಸಾಕು. ಮನುಷ್ಯ ಬದುಕಿದ್ದಾನಲ್ಲ?"

ಪೆನ್ನು ಕೈಯಲ್ಲಿತ್ತು. ಬರೆಯುತ್ತಲೂ ಇದ್ದೆನೋ ಏನೋ. ಮಕ್ಕಳಿಬ್ಬರ ಫೀಸು, ಮನೆ ಬಾಡಿಗೆ, ಗಂಡನ ಪೇಪರ್ ಮಿಲ್ಲಿನ ಸಂಬಳದಲ್ಲಿ ತಿಂಗಳ ಕೊನೆ ಮುಟ್ಟದ ಲೆಕ್ಕ ಎಲ್ಲ ಆ ಪೆನ್ನಿನ ತುದಿಯಲ್ಲಿ ಕೂತಿತ್ತು. ಆಗ ಆರನೇ ರೂಮಿನ ಬಾಗಿಲಲ್ಲಿ ಆಕೆ ಯಾರ ಹತ್ತಿರವೋ ಹೇಳುತ್ತಿದ್ದದ್ದು ಕೇಳಿಸಿತು. "ನಂದೇ ತಪ್ಪು ಕಣ್ರೀ. ಮೂರು ಇಡ್ಲಿ ತಿನ್ನಿಸ್ಬೇಕಾಗಿತ್ತು, ಬೇಡ ಅಂದ್ರು ಅಂತ ಎರಡಕ್ಕೇ ಬಿಟ್ಟೆ. ಗಂಡನ್ನ ನಾನೇ ಕೊಲ್ತಿದ್ದೆ."

ನಾನು ಬರೆಯಲಿದ್ದ ಸುಳ್ಳನ್ನು ಆಕೆ ಆಗಲೇ ತಲೆಯ ಮೇಲೆ ಹೊತ್ತು ನಿಂತಿದ್ದರು.

ಅಷ್ಟೇ ಅಲ್ಲ. ತಿಂಡಿ ತಿನ್ನದೆ ಶುಗರ್ ಇಳಿಯಿತು ಎಂದು ಬರೆದರೆ, ಇವರಿಗೆ ಇಪ್ಪತ್ತು ಯೂನಿಟ್ಟೇ ಜಾಸ್ತಿ ಅಂತ ಡಾಕ್ಟರು ನಾಳೆ ಹತ್ತಕ್ಕೆ ಇಳಿಸುತ್ತಾರೆ. ಶುಗರ್ ಏರುತ್ತದೆ, ಗಾಯ ಮೇಲಕ್ಕೆ ಹೋಗುತ್ತದೆ. ಒಂದು ಸಲ ಡೆಕ್ಸ್‌ಟ್ರೋಸ್ ಕೊಟ್ಟು ಸುಮ್ಮನಾಗುತ್ತಾರೆ, ಒಳಗಿರುವ ಐವತ್ತು ಯೂನಿಟ್ ಮಧ್ಯಾಹ್ನ ಮತ್ತೆ ಎಳೆಯುತ್ತದೆ. ಮಸ್ಕತ್ತಿನ ಮೈದುನ ಸಂಜೆ ಇನ್ನೊಂದು ಸೀಸೆ ತಂದರೆ ಸಂಜೆಯ ಸಿಸ್ಟರ್ ನನ್ನ ಹಾಗೇ ಐದೂ 'ಸರಿ' ಎಣಿಸಿ ಚುಚ್ಚುತ್ತಾಳೆ. ನಾವು ಬೆಳಿಗ್ಗೆ ಬರೆದಿಟ್ಟು ಹೋದ ಸಾಲು ಸಂಜೆಯವರೆಗೂ ಔಷಧಿ ಕೊಡುತ್ತಲೇ ಇರುತ್ತದೆ. ಇದು ಆಮೇಲೆ ಕೂತು ಕಟ್ಟಿದ ಮಾತಲ್ಲ. ಅಲ್ಲೇ, ಆ ಇಡ್ಲಿಯ ಮಾತು ಕೇಳಿದ ಮೇಲೆ ಒಂದೊಂದಾಗಿ ಕಂಡದ್ದು.

ಟ್ರೇನಿಂಗಿನಲ್ಲಿ ಮೇಣದ ಬತ್ತಿ ಹಿಡಿದು ನೈಟಿಂಗೇಲ್ ಪ್ರತಿಜ್ಞೆ ಮಾಡಿಸುತ್ತಾರಲ್ಲ, ಅದು ನೈಟಿಂಗೇಲ್ ಬರೆದದ್ದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ಟಿನ ನರ್ಸಿಂಗ್ ಶಾಲೆಯೊಂದರಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಜೊತೆಯವರು ಸಿದ್ಧಪಡಿಸಿದ್ದು. ಗೊತ್ತಿದ್ದೂ ಕೇಡಿನ ಔಷಧಿ ಕೊಡುವುದಿಲ್ಲ ಅಂತ ಅದರಲ್ಲಿ ಮಾತು ಕೊಡುತ್ತೇವೆ. ಗೊತ್ತಿಲ್ಲದೆ ಕೊಟ್ಟು, ಆಮೇಲೆ ಗೊತ್ತಾದರೆ ಏನು ಮಾಡಬೇಕು? ಬತ್ತಿ ಆರಿಸಿ ಫೋಟೋ ತೆಗೆಸಿಕೊಂಡು ಬಂದೆವು, ಅದನ್ನು ಯಾರೂ ಹೇಳಲಿಲ್ಲ.

ಬರೆದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೆ ಅಂಕಿಗೆ ಇಂಗ್ಲಿಷು ಬೇಕಿಲ್ಲ. ಆರೂಮುಕ್ಕಾಲಿಗೆ ಕೊಟ್ಟದ್ದು, ಸೀಸೆ 100ರದ್ದು, ಸಿರಿಂಜು 40ರದ್ದು, ಒಳಗೆ ಹೋದದ್ದು ಐವತ್ತು. ಒಂಬತ್ತೂ ಐದಕ್ಕೆ ಏನು ಕಂಡೆ, ಯಾರಿಗೆ ಹೇಳಿದೆ, ಏನು ಕೊಟ್ಟೆವು. ಕೆಳಗೆ ಪೂರ್ತಿ ಹೆಸರು, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ನಂಬರು. ಚೇಚಿ ಓದಿದರು. ಶೀಟನ್ನು ಮೆಲ್ಲಗೆ ಮುಚ್ಚಿಟ್ಟು ಎದ್ದುಹೋದರು.

"ಎಲ್ಲರೂ ಹೊಗಳಿದ್ರಾ ಆಮೇಲೆ?" ಮೊಮ್ಮಗಳ ಕಣ್ಣಲ್ಲಿ ಬೆಂಕಿಯ ಬೆಳಕು. ಸಿನಿಮಾ ಅಂದುಕೊಂಡಿದ್ದಳು.

ಹೊಗಳುವುದೆಲ್ಲಿ ಬಂತು. ಡಾಕ್ಟರು ಬಂದು ಓದಿದರು. ಮೊದಲು ಚಿಕಿತ್ಸೆ ಬದಲಿಸಿದರು. ಸಂಜೆಯವರೆಗೆ ಹತ್ತು ಪರ್ಸೆಂಟಿನ ಡ್ರಿಪ್, ಗಂಟೆಗೊಮ್ಮೆ ನೋಡುವುದು, ಹೊರಗಿನ ಸೀಸೆ ಮುಟ್ಟಕೂಡದು. ಆಮೇಲೆ ರೂಮಿಗೆ ಕರೆದು ಬಾಗಿಲು ಹಾಕಿ ಬೈದರು. ಬೈಗುಳದಲ್ಲಿ ಕಾಲುಭಾಗ ತಪ್ಪಿಗೆ, ಮುಕ್ಕಾಲು ಬರೆದದ್ದಕ್ಕೆ. ಅದಕ್ಕೆ ಕಾರಣವೂ ಇತ್ತು. ನಾಲ್ಕು ತಿಂಗಳ ಹಿಂದೆ, 1995ರ ನವೆಂಬರಿನಲ್ಲಿ, ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಊರ ಡಾಕ್ಟರುಗಳೆಲ್ಲ ಆ ಒಂದೇ ಮಾತು ಆಡುತ್ತಿದ್ದ ಕಾಲ. "ನಿಮ್ಮ ಕೈಯಾರೆ ಅವರಿಗೆ ಸಾಕ್ಷಿ ಬರೆದುಕೊಟ್ಟಿದೀರಿ" ಅಂದರು. ಹೌದು, ಬರೆದುಕೊಟ್ಟಿದ್ದೆ. "ಮನೆಯವರಿಗೆ ನಾನು ಹೇಳ್ತೀನಿ, ನೀವು ಬಾಯಿ ಬಿಡ್ಬೇಡಿ" ಅಂದರು. ಹನ್ನೊಂದಾಯಿತು, ಹನ್ನೆರಡಾಯಿತು. ಆಕೆ ಊಟ ಮಾಡದೆ ಕೂತಿದ್ದರು. ಡಾಕ್ಟರು ಮತ್ತೆ ರೌಂಡಿಗೆ ಬಂದು ಗಾಯ ನೋಡಿದರು, ಆ ಮಾತು ಎತ್ತದೆ ಹೋದರು.

ನಾನು ಹೋಗಿ ಹೇಳಿದೆ. "ಅಮ್ಮಾ, ಇಡ್ಲಿಯಿಂದ ಆದದ್ದಲ್ಲ. ನಾನು ಕೊಟ್ಟ ಇಂಜೆಕ್ಷನ್ ಜಾಸ್ತಿಯಾಗಿತ್ತು."

ಕ್ಷಮಿಸಿದರು ಅಂತ ಹೇಳಿದರೆ ಚೆನ್ನಾಗಿರುತ್ತದೆ. ಕ್ಷಮಿಸಲಿಲ್ಲ. ಸುಮಾರು ಹೊತ್ತು ನನ್ನ ಮುಖ ನೋಡಿದರು. "ಮನೆಗೆ ಹೋದೋರು ತಿರುಗಿ ಯಾಕೆ ಬಂದ್ರು ಅಂದ್ಕೊಂಡೆ" ಅಂದರು. ಆಮೇಲೆ ದನಿ ಏರಿತು. "ಅವ್ರಿಗೆ ಏನಾದ್ರೂ ಆಗಿದ್ರೆ? ನಿಮ್ಮನ್ನ ನಂಬಿ ನಾನು ಕಾಫಿ ಕೊಡ್ತಿದ್ನಲ್ರೀ!" ಮುಂದಿನ ಮೂರು ದಿನ ನಾನು ಟ್ರೇ ಹಿಡಿದು ಹೋದರೆ "ಬೇರೆ ಸಿಸ್ಟರ್ನ ಕಳಿಸಿ" ಅನ್ನುವರು. ಆ ಮಾತು ನ್ಯಾಯವಾಗಿತ್ತು. ಕಾಫಿಯೂ ನಿಂತಿತು.

ಮೈದುನ ಕೋರ್ಟು, ಕೇಸು ಎಂದು ಕೂಗಾಡಿದ. ಅದನ್ನು ಮುಗಿಸಿದ್ದು ಮಂಚದ ಮೇಲಿದ್ದವರು. "ಬರೆದಿದಾರಾ?" ಎಂದು ಕೇಳಿದರು. ಕೇಸ್ ಶೀಟ್ ತರಿಸಿ, ಇಂಗ್ಲಿಷು ಓದಲು ಬಾರದಿದ್ದರೂ 100, 40, 50 ಎಂಬ ಮೂರು ಅಂಕಿಯ ಮೇಲೆ ಬೆರಳಿಟ್ಟು ನೋಡಿದರು. "ಕುಲುಮೆ ಹತ್ರ ಪಾಳಿ ಪುಸ್ತಕ ಅಂತ ಇರುತ್ತೆ. ತಪ್ಪು ಮಾಡಿದವನ ಜೊತೆ ಮಾರನೇ ದಿನಾನೂ ನಿಂತು ಕೆಲಸ ಮಾಡಿದೀನಿ. ಬರೀದೆ ಹೋದವನ ಜೊತೆ ನಿಂತಿಲ್ಲ," ಅಂದು ಗೋಡೆ ಕಡೆ ತಿರುಗಿ ಮಲಗಿದರು. ಕಾಲು ಉಳಿಯಿತು, ಎರಡು ಬೆರಳು ಹೋದವು.

ನನ್ನನ್ನು ವಾರ್ಡಿನಿಂದ ತೆಗೆದು ಹೊರರೋಗಿ ವಿಭಾಗದಲ್ಲಿ ತೂಕ ನೋಡುವ ಕೆಲಸಕ್ಕೆ ಹಾಕಿದರು. ಆ ವರ್ಷದ ಇನ್‌ಕ್ರಿಮೆಂಟ್ ಬರಲಿಲ್ಲ. ಎರಡು ವರ್ಷ ಕಳೆದು ಬೇರೆ ಕಡೆ ಸೇರಿಕೊಂಡೆ.

ಇದನ್ನೆಲ್ಲ ಕೇಳಿದ ಮೊಮ್ಮಗಳು ಅರುಣಾ ಶಾನಭಾಗ್ ಹೆಸರು ಎತ್ತಿದಳು. ಈಗ ಅವರಿಗೆ ನೀತಿಶಾಸ್ತ್ರದ ಪಾಠದಲ್ಲಿ ಬರುತ್ತದಂತೆ, ದಯಾಮರಣದ ಕೇಸು ಎಂದು. ನಮಗೆ ಅವಳು ಕೇಸಲ್ಲ. ಹೊನ್ನಾವರದ ಹತ್ತಿರದ ಹಳದೀಪುರದ ಹುಡುಗಿ, ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. ಕಳ್ಳತನ ಮಾಡುತ್ತಿದ್ದ ವಾರ್ಡ್‌ಬಾಯ್ ಒಬ್ಬನನ್ನು ಗದರಿಸಿದ್ದಳು, ದೂರು ಕೊಡುತ್ತೇನೆ ಅಂದಿದ್ದಳು. 1973ರ ನವೆಂಬರ್ 27ರಂದು ಅವನು ನಾಯಿಯ ಸರಪಳಿಯಲ್ಲಿ ಅವಳ ಕುತ್ತಿಗೆ ಬಿಗಿದ. ಆಮೇಲೆ 2015ರ ಮೇ 18ರವರೆಗೆ ನಲವತ್ತೊಂದೂವರೆ ವರ್ಷ ಅವಳು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ. ಅವಳನ್ನು ಕಂಡೇ ಇರದ, ಅವಳ ಆಮೇಲೆ ಹುಟ್ಟಿದ ನರ್ಸುಗಳು ಪಾಳಿಯ ಮೇಲೆ ಪಾಳಿ ಮೈ ತಿರುವಿ ಹಾಕಿ, ಒಂದು ಬೆಡ್‌ಸೋರ್ ಆಗದಂತೆ ನೋಡಿಕೊಂಡರು. 2011ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅವಳ ಆಹಾರ ನಿಲ್ಲಿಸಲು ಒಪ್ಪದೆ ಅರ್ಜಿ ತಳ್ಳಿಹಾಕಿದಾಗ ಅವರು ಸಿಹಿ ಹಂಚಿದರು. ಅದು ಸರಿಯೋ ತಪ್ಪೋ ಎಂದು ಪುಸ್ತಕದವರು ವಾದಿಸಲಿ. ಮೈ ತಿರುವಿದ ಕೈಗಳ ಮುಂದೆ ನನಗೆ ವಾದ ಹೊಳೆಯುವುದಿಲ್ಲ.

ಆದರೆ ಆ ಕಥೆಯಲ್ಲಿ ನನ್ನನ್ನು ಚುಚ್ಚಿದ್ದು ಬೇರೆ. ಅವಳ ಮೇಲೆ ನಡೆದದ್ದು ಲೈಂಗಿಕ ದೌರ್ಜನ್ಯವೂ ಹೌದು. ಪೊಲೀಸರಿಗೆ ಹೋದ ದೂರಿನಲ್ಲಿ ಅದು ಬರಲಿಲ್ಲ. ಮದುವೆ ಗೊತ್ತಾಗಿದ್ದ ಹುಡುಗಿ, ಹೆಸರು ಕೆಡಬಾರದು ಎಂದು ದೊಡ್ಡವರು ಒಳ್ಳೆಯ ಮನಸ್ಸಿನಿಂದಲೇ ಬಿಟ್ಟರು. ಬರೆಯದ್ದಕ್ಕೆ ಶಿಕ್ಷೆ ಎಲ್ಲಿಂದ ಬರಬೇಕು? ಅವನು ದರೋಡೆ, ಕೊಲೆಯತ್ನ ಇಷ್ಟಕ್ಕೇ ಏಳು ವರ್ಷ ಮುಗಿಸಿ ಹೊರಗೆ ನಡೆದ. ನನಗೆ ಇದು ಗೊತ್ತಾದದ್ದು ಆ ಭಾನುವಾರ ಕಳೆದು ಎಷ್ಟೋ ವರ್ಷಕ್ಕೆ. ಗೊತ್ತಾದ ದಿನ ಚೇಚಿಯ ನೆನಪಾಯಿತು. ಅವರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು.

ಚೇಚಿ ಹದಿನೈದು ದಿನ ನನ್ನೊಡನೆ ಮಾತಾಡಲಿಲ್ಲ. ಆಮೇಲೊಂದು ಮಧ್ಯಾಹ್ನ ತೂಕದ ಯಂತ್ರದ ಹತ್ತಿರ ಬಂದು ಸ್ಟೂಲ್ ಎಳೆದುಕೊಂಡು ಕೂತರು. ಹಿಂದೆ ಬೇರೆ ರಾಜ್ಯದ ಯಾವುದೋ ಊರಿನಲ್ಲಿ ತಾವೂ ಒಮ್ಮೆ ನಿಜ ಹೇಳಿದ್ದನ್ನು, ಹೇಳಿದ ರಾತ್ರಿ ರೋಗಿಯ ಕಡೆಯವರು ಹಾಸ್ಟೆಲಿನ ಬಾಗಿಲು ಒಡೆದದ್ದನ್ನು, ಆಸ್ಪತ್ರೆಯವರು ಬೆಳಿಗ್ಗೆ ಇವರ ಪೆಟ್ಟಿಗೆಯನ್ನು ಗೇಟಿನ ಹೊರಗಿಟ್ಟದ್ದನ್ನು ಹವಾಮಾನ ಹೇಳಿದಷ್ಟು ಸಮಾಧಾನವಾಗಿ ಹೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಎದ್ದು ಹೋಗುವಾಗ, "ಫ್ರಿಜ್ ನೋಡು" ಅಂದರು.

ನೋಡಿದೆ. ಒಳಗಿದ್ದ ಪ್ರತಿ ಇನ್ಸುಲಿನ್ ಸೀಸೆಯ ಕುತ್ತಿಗೆಗೂ ಬಿಳೀ ಪ್ಲಾಸ್ಟರಿನ ಪಟ್ಟಿ. ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ 40, 40, 40. ಸಿರಿಂಜಿನ ಡಬ್ಬಿಯ ಮೇಲೂ 40. ನಾನು ಆ ಜಾಗ ಬಿಡುವವರೆಗೂ ಆ ಪಟ್ಟಿ ತಪ್ಪಲಿಲ್ಲ.

ಹಂಡೆಯ ನೀರು ಸದ್ದು ಮಾಡುತ್ತಿತ್ತು. ಮೊಮ್ಮಗಳು ಕೋಲಿನಿಂದ ಕೆಂಡ ಕೆದಕಿದಳು.

"ಅಜ್ಜಿ, ಆ ಹನ್ನೊಂದನೇ ಬೆಡ್ಡಿಂದು ವೈಟ್ನರ್ ಹಾಕಿ ಅಳಿಸಿಬಿಡ್ಲಾ?"

"ವೈಟ್ನರ್ ಮುಟ್ಬೇಡ. ಮೇಲೆ ಒಂದೇ ಗೆರೆ ಎಳಿ, ಕೆಳಗೆ ಏನು ಬರೆದಿತ್ತು ಅಂತ ಓದೋಕೆ ಬರ್ಬೇಕು. ಪಕ್ಕದಲ್ಲಿ ತಪ್ಪು ನಮೂದು ಅಂತ ಬರೆದು, ತಾರೀಖು, ಹೊತ್ತು, ನಿನ್ನ ಸಹಿ. ನಿಮ್ಮ ಟೀಚರಿಗೆ ಹೇಳಿ ಮಾಡು."

"ಬೈತಾರೆ."

"ಬೈತಾರೆ."

ಮಳೆ ಹೆಂಚಿನ ಮೇಲೆ ಮತ್ತೆ ಜೋರಾಯಿತು. ಅವಳು ಬೆರಳು ಮಡಿಸಿ ಏನೋ ಎಣಿಸುತ್ತಿದ್ದಳು. ಆಮೇಲೆ ನನ್ನ ಕಡೆ ನೋಡದೆ, ಸಣ್ಣ ದನಿಯಲ್ಲಿ ಅಂದಳು:

"ಉಳಿದ ಇಪ್ಪತ್ತೊಂಬತ್ತು ಜನರದ್ದೂ ನಾನು ನೋಡಿರ್ಲಿಲ್ಲ ಅಜ್ಜಿ."

ನಾನು ಸುಮ್ಮನಿದ್ದೆ. ಅವಳು ಎದ್ದು ತಂಬಿಗೆಯಲ್ಲಿ ನೀರು ಮೊಗೆದು ಕೈಕಾಲು ತೊಳೆದುಕೊಂಡಳು. ಬಾಗಿಲ ಹತ್ತಿರ ನಿಂತು, "ಸೋಮವಾರ ಆರು ಗಂಟೆ ಬಸ್ಸಿಗೆ ಎಬ್ಬಿಸು" ಅಂದಳು.

"ಏಳರ ಬಸ್ಸಲ್ವಾ ನಿಂದು?"

"ಆರಕ್ಕೇ ಎಬ್ಬಿಸು."